ನೆರಳಿನವರಿಗೆ ಕೊಡೆ, ಬಿಸಿಲಿನವರಿಗೆ ಬರಿಮೈ

1

ಬಟ್ಟೆಯ ಚರಿತ್ರೆ ಅಂದರೆ ನಮ್ಮ ಪಂಡಿತರಿಗೆ ಪೀತಾಂಬರದ ಚರಿತ್ರೆ. ಯಾವ ದೊರೆ ಎಂಥ ಪೇಟ ಸುತ್ತಿದ್ದ, ಯಾವ ರಾಣಿಯ ಸೀರೆಗೆ ಎಷ್ಟು ಜರಿ ಹೋಗಿತ್ತು, ದೇವರಿಗೆ ಯಾವ ಹಬ್ಬಕ್ಕೆ ಯಾವ ವಸ್ತ್ರ ಅಂತ ಬರೆದು ಪುಟ ತುಂಬಿಸಿದ್ದಾರೆ. ಗುಡಿಯ ಗೋಡೆ ಮೇಲೆ ಕೆತ್ತಿದ ಒಡವೆಗಳ ಪಟ್ಟಿಯನ್ನೂ ಮಾಡಿದ್ದಾರೆ. ಆದರೆ ಆ ಕಲ್ಲನ್ನು ಬಂಡೆಯಿಂದ ಸೀಳಿ ಉರುಳಿಸಿಕೊಂಡು ಬಂದವನು ಏನು ಉಟ್ಟಿದ್ದ? ಕೆರೆ ಏರಿಗೆ ಮಣ್ಣು ಹೊತ್ತವಳ ನೆತ್ತಿ ಸುಡದ ಹಾಗೆ ಏನು ಕಾಪಾಡಿತು? ಈ ಪ್ರಶ್ನೆ ಅವರ ಬಾಯಲ್ಲಿ ಬರಲಿಲ್ಲ. ಬರೋದು ಸಾಧ್ಯವೂ ಇರಲಿಲ್ಲ. ಚರಿತ್ರೆ ಬರೆದವರು ನೆರಳಲ್ಲಿ ಕೂತಿದ್ದರು.

ಇವತ್ತು ಪಟ್ಟಣದ ದೊಡ್ಡ ಅಂಗಡಿಗಳಿಗೆ ಹೋಗಿ ನೋಡಿ. ಹೊರಗೆ ಓಡಾಡುವ ಬದುಕಿನ ಉಡುಪು ಅಂತ ಒಂದು ಸಾಲೇ ಇದೆ. ಬೆಟ್ಟ ಹತ್ತೋಕೆ ಒಂದು ಬೂಟು, ಮಳೆಗೆ ಒಂದು ಜಾಕೀಟು, ಆರು ಜೇಬಿನ ಪ್ಯಾಂಟು, ಬೆವರು ಹೀರುವ ಬನೀನು. ಯಾರು ಬೇಕಾದರೂ ಬೆಟ್ಟ ಹತ್ತಲಿ, ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಭಾನುವಾರ ಒಂದು ದಿನ ಬಿಸಿಲಿಗೆ ಬರುವವನ ಮೈಗೆ ಇಷ್ಟೆಲ್ಲ ರಕ್ಷಣೆ ಬೇಕು ಅಂತ ಗೊತ್ತಿರುವ ಈ ಸಮಾಜ, ವರ್ಷಪೂರ್ತಿ ಬಿಸಿಲಲ್ಲೇ ಬೇಯುವವರ ಮೈಗೆ ಏನು ಕೊಟ್ಟಿತು? ಕೊಡೋದು ಹಾಗಿರಲಿ, ಅವರು ತಾವಾಗಿ ಹೊದ್ದುಕೊಂಡದ್ದನ್ನು ಯಾಕೆ ಕಿತ್ತುಕೊಂಡಿತು?

2

ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳೋಣ. ದುಡಿಯುವ ಜನಕ್ಕೆ ಉಡುವ ತಿಳುವಳಿಕೆ ಇರಲಿಲ್ಲ, ಅವರು ಕಾಡುಜನ, ಬೆತ್ತಲೆ ಇರೋದೇ ಅವರಿಗೆ ರೂಢಿ ಅನ್ನುವುದು ಶುದ್ಧ ಸುಳ್ಳು. ಹೊರಗಿನ ಬದುಕಿಗೆ ಬೇಕಾದ ಉಡುಪನ್ನು ಈ ನಾಡಲ್ಲಿ ಕಂಡುಹಿಡಿದವರೇ ಹೊರಗೆ ಬದುಕಿದವರು.

ಕಂಬಳಿ ನೋಡಿ. ದಖನ್ನಿನ ಕರಿಕುರಿಯ ಉಣ್ಣೆ ಕತ್ತರಿಸಿ, ಕೈಯಲ್ಲಿ ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಸರಿ ಹಾಕಿ ಗಟ್ಟಿ ಮಾಡುತ್ತಾರೆ. ಚಳ್ಳಕೆರೆ ಸೀಮೆಯಲ್ಲಿ, ಮೇಡ್ಲೇರಿಯಲ್ಲಿ ಕುರುಬರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಆ ಒಂದು ಕಂಬಳಿಗೆ ಎಷ್ಟು ಕೆಲಸ! ಮಡಿಚಿ ತಲೆಗೆ ಕೊಪ್ಪೆ ಹಾಕಿದರೆ ಮಳೆಗೆ ಮನೆ. ಹೆಗಲಿಗೆ ಹಾಕಿದರೆ ಹೊರೆಗೆ ಮೆತ್ತೆ. ರಾತ್ರಿ ಕುರಿಹಟ್ಟಿಯಲ್ಲಿ ಅದೇ ಹಾಸಿಗೆ, ಅದೇ ಹೊದಿಕೆ. ಸಂತೆಯಲ್ಲಿ ಅದೇ ಅಂಗಡಿ. ಅಂಗಡಿಯಲ್ಲಿ ಮಾರುವ ಆರು ಜೇಬಿನ ಪ್ಯಾಂಟಿಗಿಂತ ಹೆಚ್ಚು ಕೆಲಸ ಮಾಡುವ ಉಡುಪು ಇದು. ಇದನ್ನು ಯಾವ ಆಸ್ಥಾನದ ವಿದ್ವಾಂಸನೂ ಕಂಡುಹಿಡಿಯಲಿಲ್ಲ.

ಮಲೆನಾಡಿಗೆ, ಕರಾವಳಿಗೆ ಹೋದರೆ ಗೊರಬು. ಎಲೆ, ಬಿದಿರ ಸೀಳು ಹೆಣೆದು ತಲೆಯಿಂದ ಸೊಂಟದವರೆಗೆ ಇಳಿಬಿಟ್ಟ ಆ ಗೂಡು ಯಾಕೆ ಹಾಗಿದೆ? ನೆಟ್ಟಿ ಮಾಡುವವಳು ಇಡೀ ದಿನ ಬಗ್ಗಿರುತ್ತಾಳೆ. ಮಳೆ ಬೀಳೋದು ಅವಳ ಬೆನ್ನಿಗೆ. ಎರಡು ಕೈಯೂ ಸಸಿಗೆ ಬೇಕು. ಕೊಡೆ ಹಿಡಿಯೋಕೆ ಮೂರನೇ ಕೈ ಇಲ್ಲ. ಹಾಗಾಗಿ ಬೆನ್ನಿಗೇ ಮಾಡು ಕಟ್ಟಿಕೊಂಡಳು. ತುಳುನಾಡಿನ ಮುಟ್ಟಾಳೆ ಅಡಿಕೆ ಹಾಳೆಯ ಟೊಪ್ಪಿ. ಹಗುರ, ತಂಪು, ನೀರು ನಿಲ್ಲಲ್ಲ, ಹೊರೆ ಕೂರುತ್ತೆ. ಬಯಲುಸೀಮೆಯ ಹೆಂಗಸು ಸೀರೆಯನ್ನು ಮೊಣಕಾಲಿಗೆತ್ತಿ ಕಚ್ಚೆ ಹಾಕಿದರೆ ಕೆಸರಿಗೂ ಮುಳ್ಳಿಗೂ ಸಿಗಲ್ಲ. ಮಡಿಲು ಕಟ್ಟಿದರೆ ಕಾಯಿ ಬಿಡಿಸೋಕೆ ಚೀಲ ಬೇಕಿಲ್ಲ. ಹಳೇ ಬಟ್ಟೆ ಸುತ್ತಿ ತಲೆಗೆ ಸಿಂಬಿ ಇಟ್ಟರೆ ಕೊಡವೂ ಕೂತಿತು, ಮಂಕರಿಯೂ ಕೂತಿತು. ಗಂಡಸಿನ ರುಮಾಲು ಬಿಸಿಲಿಗೆ ನೆತ್ತಿ ಕಾಯುತ್ತೆ, ಬಾವಿ ಹತ್ತಿರ ಹಗ್ಗವಾಗುತ್ತೆ, ಬುತ್ತಿ ಕಟ್ಟುತ್ತೆ, ಗಾಯಕ್ಕೆ ಪಟ್ಟಿಯಾಗುತ್ತೆ.

ಇದು ಕೇವಲ ಬಡತನ ಅಲ್ಲ ಗೆಳೆಯರೇ, ಇದರಲ್ಲಿ ಬುದ್ಧಿ ಇದೆ, ಚೆಂದವೂ ಇದೆ. ಜಾತ್ರೆಗೆ ಹೊರಟ ಕುರಿಗಾಹಿ ಕಂಬಳಿಯನ್ನು ಹೆಗಲ ಮೇಲೆ ಇಳಿಬಿಡುವ ಠೀವಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪ್ರತಿ ಊರಿಗೂ, ಪ್ರತಿ ಕಸುಬಿಗೂ ರುಮಾಲು ಸುತ್ತುವ ಒಂದು ರೀತಿ ಇತ್ತು. ದುಡಿಯುವವನಿಗೂ ಕನ್ನಡಿ ಬೇಕು, ಕೂಲಿಯವಳಿಗೂ ಬಣ್ಣ ಇಷ್ಟ. ಜಗಳ ಶುರುವಾದದ್ದೇ ಇಲ್ಲಿ.

3

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಊರ ಹೊರಗೆ ಜಾಗ ಗೊತ್ತುಮಾಡುತ್ತದೆ. ಅಷ್ಟಕ್ಕೇ ನಿಲ್ಲದೆ, ಹೆಣದ ಮೇಲಿನ ಬಟ್ಟೆಯೇ ಅವರ ಉಡುಪು, ಒಡೆದ ಮಡಕೆಯೇ ಅವರ ತಟ್ಟೆ, ಕಬ್ಬಿಣವೇ ಅವರ ಒಡವೆ ಅಂತ ಪಟ್ಟಿ ಕೊಡುತ್ತದೆ. ಊರು, ಅನ್ನ, ಬಟ್ಟೆ ಮೂರನ್ನೂ ಒಟ್ಟಿಗೆ ಕಟ್ಟಿಹಾಕಿದ ವ್ಯವಸ್ಥೆ ಇದು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳೋಕೆ ಕೊರಳಿಗೆ ಮಡಕೆ, ಹೆಜ್ಜೆ ಗುರುತು ಅಳಿಸೋಕೆ ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಅನ್ನುವುದನ್ನು ಅಂಬೇಡ್ಕರರು 1936ರ ‘ಜಾತಿವಿನಾಶ’ದಲ್ಲಿ ಬರೆದಿದ್ದಾರೆ. ಅದೇ ಬರಹದಲ್ಲಿ ಇಂದೋರ್ ಸೀಮೆಯ ಬಲಾಯಿ ಜನರ ಕಥೆಯೂ ಇದೆ. 1928ರಲ್ಲಿ ಅಲ್ಲಿನ ಸವರ್ಣೀಯರು ಬಲಾಯಿಗಳಿಗೆ ಕಟ್ಟಳೆ ಹಾಕಿದರು. ಜರಿ ಅಂಚಿನ ಪಗಡಿ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಚೆಂದದ ಕುಪ್ಪಸ ತೊಡಬಾರದು. ಒಪ್ಪದ ಬಲಾಯಿಗಳಿಗೆ ಊರ ಬಾವಿ ಬಂದಾಯಿತು.

ಇನ್ನೂ ದಕ್ಷಿಣಕ್ಕೆ ಬನ್ನಿ. 1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಥಪುರ ಸೀಮೆಯಲ್ಲಿ ಕಳ್ಳರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಜನಗಣತಿ ಅಧಿಕಾರಿಯಾಗಿದ್ದ ಹಟನ್ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಗಂಡಸರ ಬಟ್ಟೆ ಮೊಣಕಾಲಿಂದ ಕೆಳಗೆ ಇಳಿಯಬಾರದು, ಸೊಂಟದಿಂದ ಮೇಲೆ ಏರಬಾರದು. ಅಂಗಿ, ಬನೀನು, ಕೋಟು ಕೂಡದು. ಹೆಂಗಸರು ಎದೆ ಮುಚ್ಚಬಾರದು. ಕೊಡೆ ಹಿಡಿಯಬಾರದು, ಕೆರ ಮೆಟ್ಟಬಾರದು.

ಈ ಪಟ್ಟಿಯನ್ನು ನಿಧಾನವಾಗಿ ಓದಿ. ಕೊಡೆ ಯಾರಿಗೆ ಬೇಕು? ಬಿಸಿಲಲ್ಲಿ ಇರುವವನಿಗೆ. ಕೆರ ಯಾರಿಗೆ ಬೇಕು? ಮುಳ್ಳು ತುಳಿಯುವವನಿಗೆ. ಅಂಗಿ ಯಾರಿಗೆ ಬೇಕು? ಚಳಿಯಲ್ಲಿ ರಾತ್ರಿ ಹೊಲ ಕಾಯುವವನಿಗೆ. ಅವನಿಗೇ ಇವು ನಿಷಿದ್ಧ. ಜಗಲಿ ಮೇಲೆ ಕೂತು ಎಲೆಯಡಿಕೆ ಜಗಿಯುವವನಿಗೆ ಕೊಡೆಯೂ ಉಂಟು, ಚಡಾವೂ ಉಂಟು, ಶಾಲೂ ಉಂಟು. ಬಟ್ಟೆಯ ಕೆಲಸ ಮೈ ಕಾಯೋದು ಅಂತ ನಾವು ತಿಳಿದಿದ್ದೇವೆ. ಜಾತಿಯ ಲೆಕ್ಕದಲ್ಲಿ ಬಟ್ಟೆಯ ಕೆಲಸ ಯಜಮಾನಿಕೆ ಕಾಯೋದು.

ಮುಂದಿನ ವರ್ಷ, 1931ರ ಜೂನಿನಲ್ಲಿ, ಆ ನಿಷೇಧಗಳು ಹನ್ನೊಂದಕ್ಕೆ ಏರಿದವು. ಈಗ ಪಟ್ಟಿಯಲ್ಲಿ ಇನ್ನೊಂದಿಷ್ಟು ಸೇರಿದ್ದು ನೋಡಿ. ಮಕ್ಕಳು ಓದಬಾರದು. ಜಮೀನು ಇದ್ದರೆ ಮಿರಾಸುದಾರರಿಗೆ ಅಗ್ಗಕ್ಕೆ ಮಾರಬೇಕು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅವರ ಕೂಲಿ ಮಾಡಬೇಕು, ಗಂಡಾಳಿಗೆ ದಿನಕ್ಕೆ 4 ಆಣೆ, ಹೆಣ್ಣಾಳಿಗೆ 2 ಆಣೆ. ಅಂಗಿ ಬೇಡ ಅನ್ನೋ ಬಾಯಿ, ಭೂಮಿ ಬೇಡ, ಅಕ್ಷರ ಬೇಡ, ಕೂಲಿ ಇಷ್ಟೇ ಅನ್ನೋ ಬಾಯಿ ಒಂದೇ. ಬಟ್ಟೆ ವಿಷಯ ಸಣ್ಣದು, ಭೂಮಿ ಹೋರಾಟವೇ ದೊಡ್ಡದು ಅಂತ ವಾದ ಮಾಡುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಮಿರಾಸುದಾರರಿಗೆ ಈ ಭೇದ ಇರಲಿಲ್ಲ. ಅವರು ಎರಡನ್ನೂ ಒಂದೇ ಕಾಗದದಲ್ಲಿ ಬರೆದರು. ಮೊಣಕಾಲಿಂದ ಸೊಂಟದವರೆಗೆ ಮಾತ್ರ ಬಟ್ಟೆ ಇದ್ದವನನ್ನು ಅರ್ಧ ಮೈಲಿ ದೂರದಿಂದಲೇ ಇವನು ಆಳು ಅಂತ ಗುರುತು ಹಿಡಿಯಬಹುದು. ಗುರುತು ಹಿಡಿದವನನ್ನು ಕರೆದು ಬಿಟ್ಟಿ ದುಡಿಸಬಹುದು.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾಗದವೂ ಬೇಕಿರಲಿಲ್ಲ. ಗೌಡ ಎದುರಾದರೆ ಹೆಗಲ ಮೇಲಿನ ಟವಲು ಕಂಕುಳಿಗೆ ಬರಬೇಕು, ಕಾಲಿನ ಮೆಟ್ಟು ಕೈಗೆ ಬರಬೇಕು, ಎತ್ತಿ ಕಟ್ಟಿದ ಪಂಚೆ ಕೆಳಗಿಳಿಯಬೇಕು. ಪಟ್ಟಣದಲ್ಲಿ ಓದಿ ಬಂದ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಊರ ಬೀದಿಗೆ ಬಂದರೆ ‘ಏನ್ಲಾ, ಭಾರಿ ಸಾಹೇಬ ಆಗ್ಬಿಟ್ಯಾ’ ಅನ್ನುವ ಮಾತು. ಕೇಳೋಕೆ ತಮಾಷೆ. ಒಳಗೆ ಅದು ರಾಮನಾಥಪುರದ ಪಟ್ಟಿಯೇ.

4

ಕರಾವಳಿಯ ಕೊರಗರ ಚರಿತ್ರೆ ಈ ಕ್ರೌರ್ಯದ ತುದಿ. ಬಿಳಲು, ಬಿದಿರು ತಂದು ಬುಟ್ಟಿ ಹೆಣೆದು ಇಡೀ ಜಿಲ್ಲೆಯ ಬೇಸಾಯಕ್ಕೆ ಪಾತ್ರೆ ಕೊಟ್ಟವರು ಅವರು. ಅವರಲ್ಲಿ ಒಂದು ಪಂಗಡಕ್ಕೆ ‘ಸೊಪ್ಪು ಕೊರಗ’ ಅಂತಲೇ ಹೆಸರು. ಸೊಂಟಕ್ಕೆ ಸೊಪ್ಪು ಕಟ್ಟಿಕೊಳ್ಳೋದೇ ಉಡುಪು. 19ನೇ ಶತಮಾನದಲ್ಲಿ ವಾಲ್‌ಹೌಸ್ ಎಂಬ ಬ್ರಿಟಿಷ್ ಅಧಿಕಾರಿ ಇವರ ಬಗ್ಗೆ ಬರೆದ. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅದನ್ನು ಸೇರಿಸಿದ. ಬಟ್ಟೆ ಉಟ್ಟ ಮೇಲೂ ಕೊರಗ ಹೆಂಗಸರು ಅದರ ಮೇಲೆ ಸೊಪ್ಪು ಕಟ್ಟುತ್ತಿದ್ದರು ಅನ್ನುವುದು ಆ ಬರಹದಲ್ಲಿ ಕಾಣುವ ಸಂಗತಿ. ಯಾಕೆ? ಬಟ್ಟೆ ಸಿಕ್ಕ ಮೇಲೆ ಸೊಪ್ಪಿನಿಂದ ಏನು ಉಪಯೋಗ? ಮೈಗೆ ಏನೂ ಇಲ್ಲ. ಉಪಯೋಗ ಊರಿಗೆ. ಅದು ಕೀಳುತನದ ಬಿಲ್ಲೆ. ತೆಗೆದರೆ ಏನಾದೀತೋ ಅನ್ನುವ ಹೆದರಿಕೆ ಆ ಸೊಪ್ಪನ್ನು ಸೊಂಟಕ್ಕೆ ಕಟ್ಟಿ ಹಿಡಿದಿತ್ತು. ಈ ಜನರನ್ನು ಹೀನಾಯ ಮಾಡುವ ಅಜಲು ಪದ್ಧತಿಯನ್ನು ನಿಷೇಧಿಸೋಕೆ ಕರ್ನಾಟಕದಲ್ಲಿ ಕಾಯಿದೆ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ದಾಟಿದ ಮೇಲೆ.

ತಿರುವಾಂಕೂರಿನ ಹೋರಾಟ ಇದಕ್ಕೆ ಎದುರುಮಾತು. ತಾಳೆಮರ ಹತ್ತಿ ಬದುಕುತ್ತಿದ್ದ ಚಾನ್ನಾರ್ ಸಮುದಾಯದ ಹೆಂಗಸರು ಎದೆ ಮುಚ್ಚಬಾರದು ಅನ್ನುವ ಕಟ್ಟಳೆ ಅಲ್ಲಿತ್ತು. ಕ್ರೈಸ್ತರಾದ ಹೆಂಗಸರು ಕುಪ್ಪಸ ತೊಡಬಹುದು ಅಂತ 1813ರಲ್ಲಿ ದಿವಾನನಾಗಿದ್ದ ಕರ್ನಲ್ ಮನ್ರೋ ಆಜ್ಞೆ ಮಾಡಿದ. ಮೇಲ್ಜಾತಿಯವರು ಬೀದಿಯಲ್ಲಿ, ಸಂತೆಯಲ್ಲಿ ಹಿಡಿದು ಬಟ್ಟೆ ಹರಿದರು. 1829ರಲ್ಲಿ ಅರಮನೆಯೇ ಹಿಂದೆ ಸರಿದು, ಮೇಲ್ಜಾತಿ ಹೆಂಗಸರ ಹಾಗೆ ಮೇಲುವಸ್ತ್ರ ಹೊದೆಯಕೂಡದು ಅಂತ ಸಾರಿತು. ಹೆಂಗಸರು ಬಿಡಲಿಲ್ಲ. 1858-59ರಲ್ಲಿ ಮತ್ತೆ ಗಲಭೆ, ಮನೆಗಳಿಗೆ ಬೆಂಕಿ. ಮದರಾಸಿನ ಗವರ್ನರ್ ಟ್ರೆವೆಲಿಯನ್ನನ ಒತ್ತಾಯ ಬಿದ್ದ ಮೇಲೆ 1859ರ ಜುಲೈ 26ರಂದು ರಾಜ ಒಪ್ಪಿದ. ಆ ಒಪ್ಪಿಗೆಯಲ್ಲೂ ಕೊಂಕು ಇತ್ತು. ಒರಟು ಬಟ್ಟೆ ಹೊದೆಯಬಹುದು, ಆದರೆ ಮೇಲ್ಜಾತಿಯವರ ಹಾಗೆ ಉಡುವಂತಿಲ್ಲ! ಒಂದು ಮೊಳ ಬಟ್ಟೆಗೆ ನಲವತ್ತಾರು ವರ್ಷದ ಹೋರಾಟ.

ಅದೇ ತಿರುವಾಂಕೂರಿನಲ್ಲಿ 1893ರಲ್ಲಿ ಅಯ್ಯನ್‌ಕಾಳಿ ಬಿಳಿ ಬಟ್ಟೆ ಉಟ್ಟು, ತಲೆಗೆ ಪೇಟ ಸುತ್ತಿ, ಎತ್ತಿನ ಗಾಡಿಯಲ್ಲಿ ಕೂತು ರಾಜಬೀದಿಗೆ ಬಂದ. ಪುಲಯರಿಗೆ ಗಾಡಿಯೂ ಇಲ್ಲ, ಬೀದಿಯೂ ಇಲ್ಲ, ಬಿಳುಪೂ ಇಲ್ಲ ಅನ್ನುವ ಕಾಲ ಅದು. ಮೂರು ಕಟ್ಟಳೆಯನ್ನು ಒಂದೇ ಸವಾರಿಯಲ್ಲಿ ಮುರಿದ. 1915ರಲ್ಲಿ ಕೊಲ್ಲಂ ಬಳಿಯ ಪೆರಿನಾಡಿನಲ್ಲಿ ಅವನ ಮಾತಿನ ಮೇಲೆ ದಲಿತ ಹೆಂಗಸರು ಕುತ್ತಿಗೆಯ ಕಲ್ಲುಮಣಿ ಸರಗಳನ್ನು ಕಿತ್ತೆಸೆದರು. ಆ ಸರ ಅವರ ಇಷ್ಟದ ಒಡವೆಯಾಗಿರಲಿಲ್ಲ. ಅದು ದನದ ಕೊರಳಿನ ಗುದ್ದಿಯ ಹಾಗೆ ಗುರುತಿಗೆ ಕಟ್ಟಿದ್ದು.

ಈ ನೀತಿ ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1740ರ ಕಾಯಿದೆ ಕರಿಯ ಗುಲಾಮರು ಯಾವ ಯಾವ ಒರಟು ಬಟ್ಟೆ ತೊಡಬಹುದು ಅಂತ ಹೆಸರು ಹಿಡಿದು ಪಟ್ಟಿ ಮಾಡಿತು. ಹತ್ತಿ ಬೆಳೆಯುವ ಕೈಗೆ ಒಳ್ಳೆಯ ಹತ್ತಿ ಬಟ್ಟೆ ಇಲ್ಲ. ಇದನ್ನು ಓದಿದಾಗ ನಮಗೆ ನಮ್ಮ ಕೆರದ ಕಥೆ ನೆನಪಾಗುತ್ತೆ.

5

ಅಥಣಿ, ನಿಪ್ಪಾಣಿ ಕಡೆ ಚರ್ಮದ ಕೆಲಸದವರು ತೊಗಲನ್ನು ಜಾಲಿ ಚಕ್ಕೆ, ಅಳಲೆಕಾಯಿಯ ನೀರಲ್ಲಿ ಹದ ಮಾಡಿ, ಅಟ್ಟೆ ಕೂಡಿಸಿ, ತೊಗಲಿನ ದಾರದಲ್ಲೇ ಹೊಲಿದು ಚಪ್ಪಲಿ ಮಾಡುತ್ತಾರೆ. ಮೊಳೆ ಇಲ್ಲ. ಕಲ್ಲಿನ ದಾರಿಗೂ, ಕಾದ ನೆಲಕ್ಕೂ ತಡೆಯುವ ಮೆಟ್ಟು. ಕೊಲ್ಹಾಪುರಿ ಅಂತ ಜಗತ್ತು ಕರೆಯುವ ಈ ಚಪ್ಪಲಿಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಬೆವರೂ ಇದೆ. 2019ರಲ್ಲಿ ಭೌಗೋಳಿಕ ಗುರುತು ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಈ ನಾಲ್ಕು ಜಿಲ್ಲೆಗಳನ್ನೂ ಸೇರಿಸಿದ್ದು ಅದಕ್ಕೇ.

ಆದರೆ ಹೊಲಿದವನ ಕಾಲು? ಊರ ಬೀದಿ ಬಂದರೆ ಮೆಟ್ಟು ಕಳಚಿ ಕೈಯಲ್ಲಿ ಹಿಡಿಯಬೇಕು. ಹನ್ನೆರಡನೇ ಶತಮಾನದ ಹರಳಯ್ಯನವರ ಕಥೆ ಎಲ್ಲರಿಗೂ ಗೊತ್ತು. ಗಂಡಹೆಂಡಿರು ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರಂತೆ. ಭಕ್ತಿಯ ಕಥೆ ಅಂತ ಅದನ್ನು ಹಾಡಿ ಹೊಗಳುವವರು, ಆ ಕಸುಬಿನವರ ಮೊಮ್ಮಕ್ಕಳು ಮೆಟ್ಟು ಹಾಕಿಕೊಂಡು ತಮ್ಮ ಬೀದಿಗೆ ಬಂದಾಗ ಯಾಕೆ ಕೆಂಡವಾದರು? ಭಕ್ತಿಗೆ ಚರ್ಮ ಕೊಟ್ಟರೆ ಶರಣ, ತನ್ನ ಕಾಲಿಗೆ ತಾನೇ ಮೆಟ್ಟಿದರೆ ಸೊಕ್ಕಿನವನು. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಮೊದಲಿಗೆ ಹೇಳಲೂ ಇಲ್ಲ. ಗಲಾಟೆ ಆದ ಮೇಲೆ ಒಪ್ಪಿಕೊಂಡಿತು. ಪತ್ರಿಕೆಗಳು ‘ಭಾರತದ ಪರಂಪರೆಗೆ ಅವಮಾನ’ ಅಂತ ಬರೆದವು. ಇರಬಹುದು. ಆದರೆ ಆ ಪರಂಪರೆಯವರನ್ನು ತಲೆಮಾರುಗಳ ಕಾಲ ಬರಿಗಾಲಲ್ಲಿ ನಡೆಸಿದವರು ಇಟಲಿಯವರಲ್ಲ.

6

ಬಟ್ಟೆಯ ಬೇಲಿಗೆ ಮೊದಲ ದೊಡ್ಡ ಕಿಂಡಿ ಬಿದ್ದದ್ದು ದಂಡಿನಲ್ಲಿ. ಖಾಕಿ ಅಂದರೆ ಪಾರ್ಸಿ ಭಾಷೆಯಲ್ಲಿ ಧೂಳಿನ ಬಣ್ಣ. 1846ರಲ್ಲಿ ಪೇಶಾವರದಲ್ಲಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಈ ಬಣ್ಣವನ್ನು ಮೊದಲು ತೊಟ್ಟಿತು. ಕೆಂಪು ಕೋಟು ದೂರದಿಂದ ಗುಂಡಿಗೆ ಗುರಿ, ಧೂಳಿನ ಬಣ್ಣ ನೆಲದಲ್ಲಿ ಕರಗುತ್ತೆ. ಅದೇ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಹದಮಾಡಿದ ಖ್ಯಾತಿ ಹಾಲರ್ ಎಂಬ ಮಿಷನರಿಗೆ ಇದೆ. ಬಣ್ಣ ಸಾಹೇಬರ ಲೆಕ್ಕದಲ್ಲಿ ಹೋಯಿತು. ಮಗ್ಗದ ಮುಂದೆ ಕೂತವರು ಈ ಮಣ್ಣಿನವರು.

ಬ್ರಿಟಿಷರ ದಂಡಿಗೆ ಸೇರಿದ ಮಹಾರರಿಗೆ ಬೂಟು ಸಿಕ್ಕಿತು, ಕೋಟು ಸಿಕ್ಕಿತು, ಸೊಂಟಪಟ್ಟಿ ಸಿಕ್ಕಿತು, ಜೊತೆಗೆ ಅಕ್ಷರ ಸಿಕ್ಕಿತು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲ್ ಸುಬೇದಾರರಾಗಿದ್ದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ದಂಡಿನಲ್ಲಿ. ಆಮೇಲೆ 1890ರ ದಶಕದಲ್ಲಿ ಆ ಬಾಗಿಲನ್ನೂ ಮುಚ್ಚಿದರು. ‘ವೀರ ಜಾತಿ’ ಅಂತ ಒಂದು ಲೆಕ್ಕ ತೆಗೆದು ಮಹಾರರು ಅದರಲ್ಲಿಲ್ಲ ಅಂದರು. ಮೊದಲನೇ ಯುದ್ಧಕ್ಕೆ ಜನ ಬೇಕಾದಾಗ 1917ರಲ್ಲಿ ಪಡೆ ಕಟ್ಟಿದರು, ಕೆಲಸ ಮುಗಿದ ಮೇಲೆ 1921ರಲ್ಲಿ ಒಡೆದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. ಸಾಮ್ರಾಜ್ಯಶಾಹಿಯ ಖಾಕಿ ಬಗ್ಗೆ ನಮಗೆ ಮೋಹ ಇಲ್ಲ. ಅದೇ ಖಾಕಿ ನಮ್ಮ ಜನರ ಮೇಲೆ ಲಾಠಿ ಬೀಸಿದ್ದನ್ನು ನಾವು ಮರೆತಿಲ್ಲ. ಆದರೆ ರಜೆಗೆ ಬಂದ ಸಿಪಾಯಿ ಬೂಟು ಹಾಕಿಕೊಂಡು ಊರ ನಡುಬೀದಿಯಲ್ಲಿ ಟಕಟಕ ನಡೆದಾಗ ಆ ಸದ್ದಿಗೆ ಕೇರಿಯ ಮಕ್ಕಳು ಏನು ಕಲಿತರು ಅನ್ನುವುದೂ ಚರಿತ್ರೆಯೇ.

ಆ ಸದ್ದನ್ನು ಹೋರಾಟ ಮಾಡಿದವರು ಬಾಬಾಸಾಹೇಬರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ಸಮ್ಮೇಳನದಲ್ಲಿ ಹೆಂಗಸರಿಗೆ ಅವರು ಹೇಳಿದ ಮಾತು ಅಷ್ಟೇ ಮುಖ್ಯ. ಅಸ್ಪೃಶ್ಯರು ಅಂತ ತೋರಿಸುವ ಸೀರೆಯ ರೀತಿ ಬಿಡಿ, ಗುರುತಿನ ಭಾರದ ಒಡವೆಗಳನ್ನು ಬಿಡಿ, ಎಲ್ಲರ ಹಾಗೆ ಅಂಗಾಲು ಮುಟ್ಟುವ ಹಾಗೆ ಉಡಿ ಅಂದರು. ಹೆಂಗಸರು ತಡಮಾಡದೆ ಹಾಗೇ ಉಟ್ಟು ಬಂದರು. ಸುಟ್ಟ ಪುಸ್ತಕದ ಬೂದಿ ಗಾಳಿಗೆ ಹೋಯಿತು. ಉಟ್ಟ ಸೀರೆ ಊರಿಗೆ ಹೋಯಿತು, ಅಲ್ಲಿ ದಿನಾ ಎಲ್ಲರ ಕಣ್ಣಿಗೆ ಬಿತ್ತು.

1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. ಬಡವರ ಜೊತೆ ನಿಲ್ಲುವ ಮನಸ್ಸು ಅದರಲ್ಲಿತ್ತು ಅನ್ನುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಡೋಕೆ ಮೊದಲು ಇರಬೇಕು. ಮೊಣಕಾಲ ಕೆಳಗೆ ಬಟ್ಟೆ ಇಳಿದರೆ ಹೊಡೆತ ತಿನ್ನುವವನಿಗೆ ತುಂಡು ಪಂಚೆ ತ್ಯಾಗ ಅಲ್ಲ, ಶಿಕ್ಷೆ. ಅವನ ಕಣ್ಣಿಗೆ ಅಂಬೇಡ್ಕರರ ಸೂಟು, ಟೈ, ಬೂಟು ವಿಲಾಯತಿ ವ್ಯಾಮೋಹವಾಗಿ ಕಾಣಲಿಲ್ಲ. ಮನು ಬೇಡ ಅಂದದ್ದನ್ನೆಲ್ಲ ಒಬ್ಬ ಮನುಷ್ಯ ಮೈಮೇಲೆ ಧರಿಸಿ ನಿಂತಿದ್ದ. ಇವತ್ತಿಗೂ ಊರೂರ ಕೇರಿಯ ಪ್ರತಿಮೆಗಳಲ್ಲಿ ಆ ನೀಲಿ ಕೋಟು ಇರೋದು ಇದೇ ಕಾರಣಕ್ಕೆ. ಹಾಗಂತ ಕೋಟು ಮಾತ್ರಕ್ಕೆ ಎಲ್ಲ ಆಗಿಬಿಡುತ್ತೆ ಅನ್ನುವ ಭ್ರಮೆ ಅವರಿಗೂ ಇರಲಿಲ್ಲ. 1917ರಲ್ಲಿ ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದು ಬರೋಡದಲ್ಲಿ ನೌಕರಿಗೆ ಸೇರಿದಾಗ, ತಂಗಿದ್ದ ಪಾರ್ಸಿ ಛತ್ರದಿಂದ ಕೋಲು ಹಿಡಿದವರು ಅವರನ್ನು ಹೊರಗೆ ಅಟ್ಟಿದರು. ಮೈಮೇಲೆ ಒಳ್ಳೆ ಬಟ್ಟೆ ಇತ್ತು, ತಲೆಯಲ್ಲಿ ವಿದ್ಯೆ ಇತ್ತು. ಜಾತಿ ಎರಡನ್ನೂ ನೋಡಲಿಲ್ಲ.

ಬಟ್ಟೆ ಕಿತ್ತುಕೊಳ್ಳುವವರು ಯಾವಾಗಲೂ ಕೋಲು ಹಿಡಿದೇ ಬರುವುದಿಲ್ಲ, ದೇವರ ಹೆಸರಲ್ಲೂ ಬರುತ್ತಾರೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮಿಂದು ಬೆತ್ತಲೆ ಓಡಬೇಕು. ಓಡಿದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು, ಬಡ ಹೆಂಗಸರು. ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಇದನ್ನು ತಡೆಯೋಕೆ ಹೋದರು. 1986ರ ಮಾರ್ಚಿನಲ್ಲಿ ಗುಂಪು ತಿರುಗಿಬಿದ್ದು ಕಾರ್ಯಕರ್ತರನ್ನೂ, ಪೊಲೀಸರನ್ನೂ, ಅವರಲ್ಲಿ ಹೆಣ್ಣು ಪೊಲೀಸರನ್ನೂ ಹೊಡೆದು ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ನಿಷೇಧ ತಂದಿತು. ತಿರುವಾಂಕೂರಿನಲ್ಲಿ ರಾಜಾಜ್ಞೆ ಮಾಡಿದ ಕೆಲಸವನ್ನು ಇಲ್ಲಿ ಹರಕೆ ಮಾಡಿತ್ತು. ವ್ಯತ್ಯಾಸ ಒಂದೇ. ಅಲ್ಲಿ ಹೆಂಗಸರಿಗೆ ಬಟ್ಟೆ ಕಿತ್ತವನು ಎದುರಿಗೆ ಕಾಣುತ್ತಿದ್ದ. ಇಲ್ಲಿ ಅವನು ಗುಡಿಯ ಹಿಂದೆ ನಿಂತಿದ್ದ.

7

ಇದೆಲ್ಲ ಹಳೇ ಕಥೆ, ಈಗ ಎಲ್ಲರೂ ಜೀನ್ಸ್ ಹಾಕುತ್ತಾರೆ, ಯಾರು ಯಾವ ಜಾತಿ ಅಂತ ಬಟ್ಟೆ ನೋಡಿ ಹೇಳೋಕಾಗಲ್ಲ ಅನ್ನುವವರಿದ್ದಾರೆ. ಜೀನ್ಸಿನ ಚರಿತ್ರೆಯೂ ಕೂಲಿಯವರದ್ದೇ. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ದುಡಿಯುವವರ ಪ್ಯಾಂಟಿನ ಜೇಬು ಹರಿಯದ ಹಾಗೆ ಲೋಹದ ಗುಂಡಿ ಬಡಿದ. ಅವನೂ ಲೆವಿ ಸ್ಟ್ರಾಸ್ ಎಂಬ ವ್ಯಾಪಾರಿಯೂ ಸೇರಿ 1873ರಲ್ಲಿ ಹಕ್ಕುಪತ್ರ ಪಡೆದರು. ‘ಡಂಗರಿ’ ಅನ್ನುವ ಇಂಗ್ಲಿಷ್ ಪದ ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆಯಿಂದ ಬಂದದ್ದು. ಕೂಲಿಯವನ ಬಟ್ಟೆ ಶ್ರೀಮಂತನ ಷೋಕಿಯಾಯಿತು. ಹರಿದ ಪ್ಯಾಂಟನ್ನು ಹೆಚ್ಚು ಬೆಲೆಗೆ ಮಾರುವ ಕಾಲ ಇದು. ನಮ್ಮ ಜನ ಹರಿದದ್ದನ್ನು ತೇಪೆ ಹಾಕಿ ಮುಚ್ಚಿಕೊಳ್ಳುತ್ತಿದ್ದರು.

ಆದರೆ ಕಾನೂನು ಏನು ಹೇಳುತ್ತೆ ನೋಡಿ. 1955ರ ಅಸ್ಪೃಶ್ಯತಾ ವಿರೋಧಿ ಕಾಯಿದೆಯಲ್ಲೇ ಒಡವೆ, ಒಳ್ಳೆ ಉಡುಪು ಧರಿಸದಂತೆ ತಡೆಯೋದು ಅಪರಾಧ ಅಂತ ಬರೆದರು. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡೋದನ್ನು ಸೇರಿಸಿದರು. 2015ರಲ್ಲಿ ತಿದ್ದುಪಡಿ ಮಾಡಿ, ಸಾರ್ವಜನಿಕ ಜಾಗದಲ್ಲಿ ಕೆರ ಮೆಟ್ಟದಂತೆ, ಹೊಸ ಬಟ್ಟೆ ತೊಡದಂತೆ, ಸೈಕಲ್ಲು ಮೋಟಾರ್ ಸೈಕಲ್ಲು ಏರದಂತೆ ತಡೆಯೋದೂ ದೌರ್ಜನ್ಯ ಅಂತ ಬರೆಯಬೇಕಾಯಿತು. ಮೀಸೆ ಬೋಳಿಸೋದನ್ನೂ ಸೇರಿಸಬೇಕಾಯಿತು. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಇಲ್ಲದ ಕಾಯಿಲೆಗೆ ಯಾರೂ ಔಷಧಿ ಅರೆಯಲ್ಲ. 2023ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಒಳ್ಳೆ ಬಟ್ಟೆ ಹಾಕಿ ಕಪ್ಪು ಕನ್ನಡಕ ತೊಟ್ಟ ತಪ್ಪಿಗೆ ಒಬ್ಬ ದಲಿತ ತರುಣ ಏಟು ತಿಂದ ಸುದ್ದಿ ಬಂತು. ರಾಮನಾಥಪುರದ ಪಟ್ಟಿ ಇನ್ನೂ ಯಾರ ಯಾರ ಜೇಬಿನಲ್ಲೋ ಇದೆ.

ಇನ್ನೊಂದು ಕಡೆ, ಮೈ ಕಾಯುವ ಬಟ್ಟೆ ಇವತ್ತೂ ಬೇಕಾದವರಿಗೆ ತಲುಪಿಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆಯ ನಿಯಮಗಳಲ್ಲಿ ಕೈಗವಸು, ಗಂಬೂಟು, ಮುಖಗವಸು ಅಂತ ರಕ್ಷಣೆ ಸಾಮಾನಿನ ಪಟ್ಟಿಯೇ ಇದೆ. ಬೆಳಗಿನ ಜಾವ ನಿಮ್ಮ ಊರಿನ ಬೀದಿ ಗುಡಿಸುವ ಹೆಂಗಸಿನ ಕೈ ನೋಡಿ, ಕಾಲು ನೋಡಿ. ಆ ಪಟ್ಟಿಯಲ್ಲಿ ಎಷ್ಟು ಅವಳ ಮೈಮೇಲಿದೆ ಅಂತ ಲೆಕ್ಕ ಹಾಕಿ. ಗದ್ದೆಯಲ್ಲಿ ಇವತ್ತು ಗೊರಬು ಹೋಗಿ ಪ್ಲಾಸ್ಟಿಕ್ಕಿನ ಕೊಪ್ಪೆ ಬಂದಿದೆ, ಗೊಬ್ಬರದ ಚೀಲದ ಕೊಪ್ಪೆ ಬಂದಿದೆ. ಬೆಟ್ಟ ಹತ್ತುವವನ ಜಾಕೀಟಿಗೆ ಸಾವಿರಾರು ರೂಪಾಯಿಯ ವಿಜ್ಞಾನ. ನಾಟಿ ಹಾಕುವವಳ ಬೆನ್ನಿಗೆ ಯೂರಿಯಾ ಚೀಲ.

ಶಾಲೆಯ ಮೇಷ್ಟರುಗಳಿಗೆ ಒಂದು ಮಾತು. ಒಂಬತ್ತನೇ ತರಗತಿಯ ಕೇಂದ್ರ ಚರಿತ್ರೆ ಪುಸ್ತಕದಲ್ಲಿ ಉಡುಪಿನ ಸಾಮಾಜಿಕ ಚರಿತ್ರೆ ಅಂತ ಒಂದು ಪಾಠ ಇತ್ತು. ತಿರುವಾಂಕೂರಿನ ಹೆಂಗಸರ ಹೋರಾಟ ಅದರಲ್ಲಿತ್ತು. 2016ರಲ್ಲಿ ಆ ಭಾಗದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಬೇಡಿ ಅಂತ ಸುತ್ತೋಲೆ ಬಂತು. 2019ರಲ್ಲಿ ಮಕ್ಕಳ ಹೊರೆ ಇಳಿಸುವ ಹೆಸರಲ್ಲಿ ಪಾಠವನ್ನೇ ತೆಗೆದರು. ಯಾವ ಮಕ್ಕಳಿಗೆ ಅದು ಹೊರೆಯಾಗಿತ್ತು? ಪುಸ್ತಕದಿಂದ ಹೋದರೆ ಹೋಗಲಿ, ಈ ಚರಿತ್ರೆಗೆ ಬೇಕಾದ ದಾಖಲೆ ನಿಮ್ಮ ಊರಲ್ಲೇ ಇದೆ. ಮಕ್ಕಳನ್ನು ಅಜ್ಜಿಯರ ಹತ್ತಿರ ಕಳಿಸಿ. ಮೊದಲ ಕುಪ್ಪಸ ಯಾವಾಗ ತೊಟ್ಟೆ, ಯಾರು ಬೈದರು, ಯಾರ ಮನೆ ಮುಂದೆ ಮೆಟ್ಟು ಕಳಚುತ್ತಿದ್ದೆ, ಮಳೆಗೆ ಏನು ಹೊದೆಯುತ್ತಿದ್ದೆ ಅಂತ ಕೇಳಿ ಬರೆಸಿ. ಕೊಪ್ಪೆ ಮಡಿಚೋದು, ಸಿಂಬಿ ಸುತ್ತೋದು ಹೇಗೆ ಅಂತ ಕಲಿಸಿ. ಹೇಳುವವರು ಇನ್ನೂ ಇದ್ದಾರೆ, ತುಂಬಾ ದಿನ ಇರುವುದಿಲ್ಲ.

ಸಂಘಟನೆಯ ಗೆಳೆಯರಿಗೂ ಅಷ್ಟೇ. ಕೂಲಿ ಹೆಚ್ಚಿಸಿ ಅನ್ನುವ ಬೇಡಿಕೆಯ ಪಕ್ಕದಲ್ಲೇ ಗಂಬೂಟು, ಕೈಗವಸು, ಮಳೆ ಅಂಗಿ ಅಂತ ಬರೆಯಿರಿ. ಅದು ಸಣ್ಣ ಬೇಡಿಕೆ ಅಲ್ಲ. ಬಿಸಿಲಲ್ಲಿ ನಿಂತವನಿಗೆ ನೆರಳು ಅವನ ಹಕ್ಕು. ಆ ಹಕ್ಕಿನ ಜೊತೆಗೆ ಅವನಿಗೆ ಇಷ್ಟ ಬಂದ ಬಣ್ಣವೂ ಇರಲಿ, ಮೀಸೆಯೂ ಇರಲಿ, ಕಪ್ಪು ಕನ್ನಡಕವೂ ಇರಲಿ. ಅದನ್ನು ಕೇಳೋಕೆ ಯಾವ ಗೌಡನಿಗೂ ಅಧಿಕಾರ ಇಲ್ಲ.